ಮಂಜಣ್ಣನ ಹೊಟ್ಟೆ ಮತ್ತು ನನ್ನ ಸಿನಿಮಾ

ಇನ್ನೊಬ್ಬರ ಹೊಟ್ಟೆ ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಹೀಗೆ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಶಿರಸಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯವಾದ್ದರಿಂದ ಮುಚ್ಚಿಟ್ಟೂ ಪ್ರಯೋಜನವಿಲ್ಲ. ಮದುವೆಮನೆಯಲ್ಲಿ ಯಾರಾದರೂ ಆರಾಮವೇ ಎಂದು ವಿಚಾರಿಸಿದರೆ, ದಿನಕ್ಕೆ ಎಷ್ಟು ಹೊತ್ತು ನಡೆಯುತ್ತೀರಿ ಎಂದು ತಿರುಗಿ ಕೇಳುತ್ತೇನೆ. ಸಿದ್ದಾಪುರದ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಊರು ಬರುವುದರೊಳಗೆ ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿಯಾಗಿರುತ್ತದೆ. ನಮ್ಮ ಮನೆಗೆ ನೆಂಟರು ಬರುವುದು ಕಡಿಮೆಯಾಗಿರುವುದಕ್ಕೆ ಇದೇ ಕಾರಣವೆಂದು ನನ್ನ ಹೆಂಡತಿ ಸುಮಾಳ ವಾದ. ಬಂದವರು ಚಹಾಕ್ಕೆ ಸಕ್ಕರೆ ಹಾಕಿಸಿಕೊಳ್ಳಲು ಅಡುಗೆಮನೆಗೇ ಹೋಗಿ ಅವಳ ಕಿವಿಯಲ್ಲಿ ಹೇಳುತ್ತಾರಂತೆ. ಇಷ್ಟು ವರ್ಷ ಇಷ್ಟು ಜನಕ್ಕೆ ಉಪದೇಶ ಮಾಡಿದರೂ ಒಬ್ಬನೇ ಒಬ್ಬ ನನ್ನ ಮಾತು ಕೇಳಿರಲಿಲ್ಲ. ಅದು ನನ್ನ ಪುಣ್ಯವಾಗಿತ್ತೆಂದು ಕಳೆದ ವರ್ಷ ಗೊತ್ತಾಯಿತು. ಯಾಕೆಂದರೆ ಕಳೆದ ವರ್ಷ ಒಬ್ಬ ಕೇಳಿಬಿಟ್ಟ.

ನನ್ನ ವೃತ್ತಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಸಿನಿಮಾ ಮಾಡುವವನು. ಹಾಗೆ ಹೇಳಿಕೊಳ್ಳಲು ಶುರುಮಾಡಿ ಇಪ್ಪತ್ತು ವರ್ಷವಾಯಿತು. ಈ ಇಪ್ಪತ್ತು ವರ್ಷ ಮಾಡಿದ್ದು ಮದುವೆ ವಿಡಿಯೋ, ಉಪನಯನದ ವಿಡಿಯೋ, ನಡುನಡುವೆ ಜೇನು ಸಾಕಣೆ ಮತ್ತು ಸೊಳ್ಳೆ ನಿಯಂತ್ರಣದ ಮೇಲೆ ಹತ್ತು ಹತ್ತು ನಿಮಿಷದ ಚಿತ್ರಗಳು. ಮದುವೆ ವಿಡಿಯೋ ತೆಗೆಯುವುದೆಂದರೆ ಬದುಕಿನ ಅರ್ಧಭಾಗ ಹಿಂದುಹಿಂದಕ್ಕೆ ನಡೆಯುವುದು. ಹೆಗಲ ಮೇಲೆ ಕ್ಯಾಮೆರಾ, ಎದುರಿಗೆ ಗಂಡು ಹೆಣ್ಣು, ಬೆನ್ನ ಹಿಂದೆ ದೇವರೇ ಗತಿ. ಒಂದು ದಿನ ಸೊಂಟ ಹಿಡಿದುಕೊಂಡು ಹಾಸಿಗೆ ಹಿಡಿದಾಗ ಡಾಕ್ಟರು ನನ್ನ ಆಗಿನ ಹೊಟ್ಟೆಯತ್ತ ಬೆರಳು ತೋರಿಸಿ ವ್ಯಾಯಾಮ ಮಾಡಿ ಎಂದರು. ಮಾಡಿದೆ. ಹೊಟ್ಟೆ ಹೋಯಿತು, ಸೊಂಟ ಸರಿಯಾಯಿತು, ತಲೆ ಮಾತ್ರ ಕೆಟ್ಟಿತು. ಅಂದಿನಿಂದ ಕೋಟೆಕೆರೆಯ ಸುತ್ತ ಬೆಳಗಿನ ಓಟ ತಪ್ಪಿಸಿದವನಲ್ಲ. ಜನರನ್ನು ಬಿಟ್ಟವನೂ ಅಲ್ಲ.

ಮಂಜಣ್ಣನ ಪರಿಚಯವಾದದ್ದೂ ಹಿಂದಕ್ಕೆ ನಡೆಯುವಾಗಲೇ. ಮನ್ಮನೆ ಕಡೆಯ ಮಂಜಣ್ಣ ಮದುವೆ ಅಡುಗೆಗೆ ಹೆಸರಾದವನು, ನನಗಿಂತ ಎಂಟು ಹತ್ತು ವರ್ಷಕ್ಕೆ ದೊಡ್ಡವನು. ಒಂದು ಮದುವೆಯಲ್ಲಿ ವಧೂವರರನ್ನು ಚಿತ್ರಿಸುತ್ತ ಹಿಂದೆ ಹಿಂದೆ ಹೋದ ನಾನು ಕುದಿಯುವ ಪಾಯಸದ ಕೊಪ್ಪರಿಗೆಗೆ ಇನ್ನೊಂದು ಹೆಜ್ಜೆಯಷ್ಟೇ ದೂರದಲ್ಲಿದ್ದೆ. ಆಗ ಮೆತ್ತಗಿನದೇನೋ ನನ್ನನ್ನು ತಡೆದು ನಿಲ್ಲಿಸಿತು. ತಿರುಗಿ ನೋಡಿದರೆ ಮಂಜಣ್ಣನ ಹೊಟ್ಟೆ. ಸೊಂಟಕ್ಕೊಂದು ಪಂಚೆ, ಹೆಗಲಿಗೊಂದು ಬೆವರೊರೆಸುವ ಬೈರಾಸ, ನಡುವೆ ಆ ಭವ್ಯವಾದ ಹೊಟ್ಟೆ. ಅದರ ಮೇಲೆ ಸೌಟಿನ ಹಿಡಿಯನ್ನು ಆನಿಸಿಕೊಂಡು ಅವನು ಇಡೀ ಅಡುಗೆಮನೆಯನ್ನು ಆಳುತ್ತಿದ್ದ. ನನಗೆ ಅಲ್ಲೇ ಸಿನಿಮಾ ಹೊಳೆಯಿತು. ಒಬ್ಬ ಮದುವೆ ಅಡುಗೆಯವನ ಒಂದು ದಿನದ ಕತೆ, ಪಾತ್ರಕ್ಕೆ ಮಂಜಣ್ಣನೇ. ಬೆಳಿಗ್ಗೆ ಒಲೆ ಹಚ್ಚುವಲ್ಲಿ ಶುರುವಾಗಿ ಸಂಜೆ ಕೊಪ್ಪರಿಗೆ ಕವುಚಿ ಹಾಕುವಲ್ಲಿ ಮುಗಿಯಬೇಕು. ಯಲ್ಲಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಸುಮಾಳ ಅಣ್ಣ ಶ್ರೀಧರ ಭಾವ ನಿರ್ಮಾಪಕನಾಗಲು ಒಪ್ಪಿದ. ಇದೊಂದು ಸಿನಿಮಾ ಕೆಟ್ಟರೆ ಇನ್ನೊಂದು ಇಲ್ಲ, ಮತ್ತೆ ಹಿಂದಕ್ಕೆ ನಡೆಯುವುದೇ ಎಂಬುದು ನನಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

ಬೇಸಿಗೆಯಲ್ಲಿ ಬಿಳಗಿಯ ಹತ್ತಿರದ ಒಂದು ಮನೆಯ ಅಂಗಳದಲ್ಲಿ ಚಪ್ಪರ ಹಾಕಿ ಅರ್ಧ ಸಿನಿಮಾ ಮುಗಿಸಿದೆವು. ಅಂದರೆ ಕತೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ. ಅಷ್ಟರಲ್ಲಿ ಮಳೆ ಹಿಡಿಯಿತು. ಉಳಿದದ್ದು ದೀಪಾವಳಿ ಕಳೆದ ಮೇಲೆ ಎಂದಾಯಿತು. ಹೊರಡುವಾಗ ಮಂಜಣ್ಣ ಬಂದು, "ತಮಾ, ಮಳೆಗಾಲ್ದಲ್ಲಿ ಆನು ಎಂತ ತಯಾರಿ ಮಾಡವು?" ಎಂದು ಕೇಳಿದ. ಬುದ್ಧಿ ಇರುವ ನಿರ್ದೇಶಕನಾದರೆ, ಏನೂ ಮಾಡಬೇಡ, ಹೇಗಿದ್ದೀಯೋ ಹಾಗೇ ಇರು ಎನ್ನುತ್ತಿದ್ದ. ನಾನು ಕ್ಯಾಮೆರಾ ಚೀಲಕ್ಕೆ ತುಂಬುತ್ತ, ಮುಖವನ್ನೂ ಎತ್ತದೆ, ದಿನಾ ಐದು ಕಿಲೋಮೀಟರ್ ನಡೆ, ಹನ್ನೆರಡು ಸೂರ್ಯನಮಸ್ಕಾರ ಹಾಕು, ರಾತ್ರಿ ಅನ್ನ ಬಿಡು ಎಂದೆ. ಅದೇನು ನಿರ್ದೇಶಕನಾಗಿ ಹೇಳಿದ್ದಲ್ಲ. ಬೇರೆಯವರು ಹೋಗಿಬರುತ್ತೇನೆ ಎನ್ನುವ ಜಾಗದಲ್ಲಿ ನಾನು ಹೇಳುವ ಮಾತು. ಮಂಜಣ್ಣ ಮಾತ್ರ ಅದನ್ನು ಸಿನಿಮಾದ ಕೆಲಸ ಎಂದುಕೊಂಡ. ಮಳೆಗಾಲದುದ್ದಕ್ಕೂ ಫೋನಿನಲ್ಲಿ ತಯಾರಿ ಜೋರಾಗಿದೆ ಎನ್ನುತ್ತಿದ್ದ. ಮಾತು ಬಾಯಿಪಾಠ ಮಾಡುತ್ತಿದ್ದಾನೆಂದು ನಾನು ಖುಷಿಯಲ್ಲಿದ್ದೆ.

ಚೌತಿಯ ಮಾರನೇ ದಿನ ಶೂಟಿಂಗ್ ದಿನಾಂಕ ತಿಳಿಸಿ ಬರೋಣವೆಂದು ಮನ್ಮನೆಗೆ ಹೋದೆ. ಜಗಲಿಯಲ್ಲಿ ಒಬ್ಬ ತೆಳ್ಳಗಿನ ಮನುಷ್ಯ ಕೂತು ಸೌತೆಕಾಯಿ ತಿನ್ನುತ್ತಿದ್ದ. ಮಂಜಣ್ಣ ಇದ್ದಾನೆಯೇ ಎಂದು ಕೇಳಿದೆ. ಆ ಮನುಷ್ಯ ನಕ್ಕ. "ಎಂತ ತಮಾ, ಗುರ್ತ ಸಿಕ್ಕಿದ್ದಿಲ್ಯ? ನೀ ಹೇಳಿದ್ದು ಒಂದೂ ಬಿಟ್ಟಿದ್ನಿಲ್ಲೆ."

ಹೊಟ್ಟೆ ಇದ್ದ ಜಾಗದಲ್ಲಿ ಪಂಚೆಯ ಗಂಟಿತ್ತು. ನನ್ನ ಸಿನಿಮಾದಲ್ಲಿ ಹನ್ನೆರಡು ಗಂಟೆಗೆ ಅಷ್ಟು ದೊಡ್ಡ ಹೊಟ್ಟೆಯ ಅಡುಗೆಯವನು ಅನ್ನ ಬಸಿಯಲು ಬಗ್ಗುತ್ತಾನೆ. ಹನ್ನೆರಡೂ ಐದಕ್ಕೆ ಎದ್ದು ನಿಲ್ಲುವವನು ಇವನು. ಬಸಿದದ್ದು ಅನ್ನವನ್ನೋ ಅಡುಗೆಯವನನ್ನೋ ಎಂದು ಪ್ರೇಕ್ಷಕರು ಕೇಳುವುದಿಲ್ಲವೇ? ನಾನು ಹೀಗೆ ಒದ್ದಾಡುತ್ತಿರುವಾಗ ಮಂಜಣ್ಣನ ಹೆಂಡತಿ ಒಳಗಿನಿಂದ ಬಂದು ನಮಸ್ಕಾರ ಮಾಡುವುದೊಂದು ಬಾಕಿ. ಇವರಿಗೆ ಮೆಟ್ಟಿಲು ಹತ್ತಿದರೆ ಉಬ್ಬಸ ಬರುತ್ತಿತ್ತು, ಈಗಿಲ್ಲ. ಸಕ್ಕರೆ ಕಾಯಿಲೆಯ ಒಂದು ಮಾತ್ರೆಯನ್ನೂ ಡಾಕ್ಟರು ನಿಲ್ಲಿಸಿದ್ದಾರೆ, ಎಲ್ಲ ನಿಮ್ಮಿಂದ ಎಂದು ಅವರ ಕಣ್ಣು ತುಂಬಿ ಬಂತು. ನನ್ನ ಕಣ್ಣೂ ತುಂಬಿತ್ತು. ಕಾರಣ ಬೇರೆ.

ಮನೆಗೆ ಬಂದು ಹೇಳಿದರೆ ಸುಮಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಬ್ಬನಾದರೂ ನಿಮ್ಮ ಮಾತು ಕೇಳಿದನಲ್ಲ, ಸಂತೋಷಪಡಿ ಎಂದಳು. ಭಾವನಿಗೆ ಹೇಳುವ ಧೈರ್ಯ ಬರಲಿಲ್ಲ. ಹತ್ತಿಯ ದಿಂಬು ಕಟ್ಟೋಣವೆಂದರೆ ಅಡುಗೆಯವನು ಬರಿಮೈಯಲ್ಲಿರುತ್ತಾನೆ. ಅಂಗಿ ಹಾಕಿಸೋಣವೆಂದರೆ ಬೆಳಿಗ್ಗೆ ಇಲ್ಲದ ಅಂಗಿ ಮಧ್ಯಾಹ್ನದ ಸೆಖೆಯಲ್ಲಿ ಒಲೆಯ ಮುಂದೆ ಎಲ್ಲಿಂದ ಬಂತು? ಉಳಿದದ್ದು ಒಂದೇ ದಾರಿ: ಮಂಜಣ್ಣನನ್ನು ದೀಪಾವಳಿಯೊಳಗೆ ಮತ್ತೆ ದಪ್ಪ ಮಾಡುವುದು. ಅವನ ಹೆಂಡತಿಯ ಮುಖ ನೆನಪಾದಾಗ ಇದು ಪಾಪವೆಂದು ನನಗೇ ಅನ್ನಿಸುತ್ತಿತ್ತು. ಪಾಪಪ್ರಜ್ಞೆ ಒಂದು ತುತ್ತಾದರೆ ಹೆದರಿಕೆ ಒಂದು ಕೊಪ್ಪರಿಗೆ ಇತ್ತು, ಹಾಗಾಗಿ ಹೆದರಿಕೆಯೇ ಗೆದ್ದಿತು.

ಅಲ್ಲಿಂದ ಎರಡು ತಿಂಗಳು ನಾನು ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊಟಗಳಿಗೆ ತಿರುಗಿದೆ. ಯಲ್ಲಾಪುರದಲ್ಲೊಂದು ಸತ್ಯನಾರಾಯಣ ಕತೆ, ನಿಲ್ಕುಂದದಲ್ಲೊಂದು ಗೃಹಪ್ರವೇಶ, ಸಿದ್ದಾಪುರದಲ್ಲೊಂದು ಅರವತ್ತರ ಶಾಂತಿ. ಆದರೆ ಒಂದು ವಿಷಯವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಡುಗೆಯವನು ಮೊದಲ ಪಂಕ್ತಿಯಲ್ಲಿ ಕೂರುವುದಿಲ್ಲ. ಅಡುಗೆ ಅವನದಲ್ಲದಿದ್ದರೂ ಕೂರುವುದಿಲ್ಲ. ಮೂವತ್ತು ವರ್ಷದ ಅಭ್ಯಾಸ. ಎಲೆ ಹಾಕಿದ ಕೂಡಲೇ ಮಂಜಣ್ಣ ಬೈರಾಸವನ್ನು ಸೊಂಟಕ್ಕೆ ಬಿಗಿದು ಹೋಳಿಗೆಯ ಬುಟ್ಟಿ ಎತ್ತಿಕೊಳ್ಳುತ್ತಿದ್ದ. ನೇರ ನನ್ನ ಎಲೆಯ ಮುಂದೆ ಬಂದು ನಿಲ್ಲುತ್ತಿದ್ದ. ನಾನು ಕೈ ಅಡ್ಡ ಹಿಡಿದು, ನೀನು ಕಡೇ ಪಂಕ್ತಿಯಲ್ಲಾದರೂ ಸರಿಯಾಗಿ ಹೋಳಿಗೆ ತಿನ್ನಬೇಕು ಎಂದು ಬೇಡಿಕೊಂಡೆ. ಮಂಜಣ್ಣ ಬುಟ್ಟಿ ಕೆಳಗಿಡದೆ, "ನೀ ನಾಕು ಹಾಕ್ಸ್ಕ್ಯ. ಆನು ಒಂದು ತಿಂತೆ" ಎಂದ.

ಒಪ್ಪಿಕೊಂಡೆ. ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. ನಾನು ತುಪ್ಪದಲ್ಲಿ ಮುಳುಗಿದ ನಾಲ್ಕು ತಿಂದೆ, ಅವನು ಒಂದು ತಿಂದ. ನಾನು ಎಂಟು ಜಿಲೇಬಿ ತಿಂದೆ, ಅವನು ಎರಡು ತಿಂದು ಮಾರನೇ ದಿನ ಎರಡು ಕಿಲೋಮೀಟರ್ ಹೆಚ್ಚು ನಡೆದ. ನನಗೆ ಊಟದಿಂದ ಊಟಕ್ಕೆ ಓಡಾಡುವುದರಲ್ಲಿ ಕೋಟೆಕೆರೆಗೆ ಹೋಗಲು ಹೊತ್ತೆಲ್ಲಿ? ಚಿಂತೆಯಲ್ಲಿ ಮನೆಯ ಚಕ್ಕುಲಿ ಡಬ್ಬಿಯೂ ಖಾಲಿಯಾಗುತ್ತಿತ್ತು. ಪ್ರತಿ ಭಾನುವಾರ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಮುಳ್ಳು ಅಲುಗಾಡುತ್ತಿರಲಿಲ್ಲ. ನಾನು ಹತ್ತಿ ನೋಡುವುದನ್ನು ಯಾಕೋ ಮುಂದೂಡುತ್ತಲೇ ಬಂದೆ.

ಶೂಟಿಂಗಿಗೆ ನಾಲ್ಕು ದಿನ ಇರುವಾಗ ಜಗಲಿಯ ಮೇಲೆ ಕೂತು ಬೂಟಿನ ಲೇಸು ಕಟ್ಟಲು ಬಗ್ಗಿದೆ. ಕೈ ಬೂಟಿನವರೆಗೆ ಹೋಗಲಿಲ್ಲ. ನಡುವೆ ಏನೋ ಇತ್ತು. ಹತ್ತು ವರ್ಷದ ಹಿಂದೆ ಮನೆ ಬಿಟ್ಟು ಹೋಗಿದ್ದದ್ದು ದಾರಿ ಮರೆಯದೆ ವಾಪಸು ಬಂದಿತ್ತು. ನಾನು ತಲೆಯ ಮೇಲೆ ಕೈಹೊತ್ತು, ಸಿನಿಮಾವೂ ಹೋಯಿತು, ಮೈಯೂ ಹೋಯಿತು ಎಂದು ಗೋಳಿಟ್ಟೆ. ಸುಮಾ ನನ್ನನ್ನು ಒಂದು ಪಕ್ಕದಿಂದ ನೋಡಿದಳು, ಇನ್ನೊಂದು ಪಕ್ಕದಿಂದ ನೋಡಿದಳು.

"ನಿಂಗಕ್ಕೆ ಬೇಕಾದ ಹೊಟ್ಟೆ ಮನೇಲೇ ಇದ್ದಲಿ" ಎಂದಳು.

ಹೀಗೆ ನನ್ನ ಸಿನಿಮಾದ ಉತ್ತರಾರ್ಧದಲ್ಲಿ ಮುಖ ಮಂಜಣ್ಣನದು, ಕುತ್ತಿಗೆಯಿಂದ ಕೆಳಗಿನದು ನನ್ನದು. ಬಿಳಗಿಯ ಚಪ್ಪರದಲ್ಲಿ ಐವತ್ತು ಜನರ ಮುಂದೆ ಪಂಚೆ ಉಟ್ಟು, ಬರಿಮೈಯಲ್ಲಿ, ಸೌಟು ಹಿಡಿದು ನಿಂತೆ. ನಾನು ಕ್ಯಾಮೆರಾದ ಎದುರು ನಿಂತದ್ದರಿಂದ ಆ್ಯಕ್ಷನ್ ಹೇಳುವ ಕೆಲಸ ಮಂಜಣ್ಣನ ಪಾಲಿಗೆ ಬಂತು. ಅವನು ಗಂಭೀರವಾಗಿ ಹೇಳಿದ. ಕ್ಯಾಮೆರಾ ನನ್ನತ್ತ ತಿರುಗಿದ್ದೇ ತಡ, ನನ್ನ ಹೊಟ್ಟೆ ತಾನಾಗಿಯೇ ಒಳಗೆ ಹೋಯಿತು. ಕಟ್. ಮತ್ತೆ ಆ್ಯಕ್ಷನ್, ಮತ್ತೆ ಒಳಗೆ. ಕನ್ನಡಿ ಕಂಡಾಗಲೆಲ್ಲ ಒಳಗೆಳೆದು ರೂಢಿಯಾದ ಹೊಟ್ಟೆ ಅದು; ಯಾರ ಮಾತು ಕೇಳುತ್ತದೆ? ಆರು ಸಲ ಹೀಗಾಯಿತು. ಬೆಳಕು ಇಳಿಯುತ್ತಿತ್ತು. ಭಾವ ವಾಚು ನೋಡಿಕೊಳ್ಳುತ್ತಿದ್ದ. ನನಗೆ ಅಳು ಬರುವುದೊಂದು ಬಾಕಿ. ಆಗ ಮಂಜಣ್ಣ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, ನನ್ನ ಬೆನ್ನ ಮೇಲೆ ಕೈಯಿಟ್ಟು ಹೇಳಿದ: "ತಮಾ, ಹೊಟ್ಟೆ ಬಿಡು. ಒಳಗೆ ಎಳ್ಕಳಡ. ಇಲ್ಲಿ ಯಾರೂ ನಿಂಗೆ ಬುದ್ಧಿ ಹೇಳ್ತ್ವಿಲ್ಲೆ."

ಬಿಟ್ಟೆ. ಹತ್ತು ವರ್ಷದಲ್ಲಿ ಮೊದಲ ಸಲ. ಎಂಥ ಸುಖವೆಂದು ಬಾಯಿಬಿಟ್ಟು ಹೇಳುವ ಹಾಗಿಲ್ಲ, ಆದರೆ ಸೌಟಿನ ಹಿಡಿ ಅದರ ಮೇಲೆ ತಾನಾಗಿ ಹೋಗಿ ಕೂತಿತು. ಶಾಟ್ ಓಕೆ ಆಯಿತು.

ಈಗ ಎಡಿಟಿಂಗ್ ನಡೆಯುತ್ತಿದೆ. ಇನ್ನಾದರೂ ಮೈ ಇಳಿಸೋಣವೆಂದು ಮೊನ್ನೆ ಬೆಳಿಗ್ಗೆ ಬೂಟು ಹುಡುಕಿ ಹಾಕಿಕೊಂಡು ಹೊಸ್ತಿಲು ದಾಟುತ್ತಿದ್ದೆ. ಭಾವನ ಫೋನು ಬಂತು. ಒಂದೆರಡು ಶಾಟ್ ಮತ್ತೆ ತೆಗೆಯಬೇಕಾಗಬಹುದು, ಎಲ್ಲ ಮುಗಿಯುವವರೆಗೆ ಓಡುವುದು ಗೀಡುವುದು ಬೇಡ, ಹೊಟ್ಟೆ ಹೇಗಿದೆಯೋ ಹಾಗೇ ಇರಲಿ ಎಂದ. ನಿರ್ಮಾಪಕನ ಮಾತು, ಮೀರುವ ಹಾಗಿಲ್ಲ. ಬೇಸಿಗೆಯಲ್ಲಿ ನಾನು ಮಂಜಣ್ಣನಿಗೆ ಹೇಳಬೇಕಾಗಿದ್ದ ಮಾತೂ ಇದೇ. ಬೂಟು ಬಿಚ್ಚಿಟ್ಟು ಜಗಲಿಯಲ್ಲಿ ಕೂತೆ. ಅಷ್ಟರಲ್ಲಿ, ಮಾರಿಕಾಂಬೆಯ ದರ್ಶನಕ್ಕೆಂದು ಶಿರಸಿಗೆ ಬಂದು ನಮ್ಮಲ್ಲಿ ಉಳಿದಿದ್ದ ಮಂಜಣ್ಣ ಕೋಟೆಕೆರೆಗೆ ಮೂರು ಸುತ್ತು ಹಾಕಿ ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದ. ನನ್ನನ್ನು ನೋಡಿದ, ನನ್ನ ಹೊಟ್ಟೆಯನ್ನು ನೋಡಿದ, ದಿನಕ್ಕೆ ಎಷ್ಟು ಹೊತ್ತು ನಡೆಯುತ್ತೀಯ ಎಂದು ಕೇಳಿದ. ನಾನೆದ್ದು ಅಡುಗೆಮನೆಗೆ ಹೋಗಿ, ನನ್ನ ಚಹಾಕ್ಕೆ ಎರಡು ಚಮಚ ಸಕ್ಕರೆ ಇರಲಿ ಎಂದು ಸುಮಾಳ ಕಿವಿಯಲ್ಲಿ ಹೇಳಿದೆ.