ಮಾವನ ಸೀಸದ ಮೀನು

ನಮ್ಮ ಸೋದರಮಾವ ಮೀನು ತಿನ್ನುವುದಿಲ್ಲ, ಸಮುದ್ರ ಕಂಡಿಲ್ಲ, ಈಜಲೂ ಬರುವುದಿಲ್ಲ. ಆದರೂ ಟ್ಯೂನಾ ಮೀನು ಹಿಡಿಯುವ ವಿಷಯದಲ್ಲಿ ಇಡೀ ಅಫಜಲಪುರಕ್ಕೆ ಅವರ ಮಾತೇ ಕೊನೆಯ ಮಾತು! ಎದುರು ವಾದಿಸುವವರು ಯಾರೂ ಇಲ್ಲ ಎನ್ನುವುದು ಬೇರೆ ವಿಷಯ. ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ, ತತ್ತಿಯ ಹೆಸರೆತ್ತಿದರೆ ಊಟ ಬಿಟ್ಟು ಏಳುವ ಮನುಷ್ಯ. ಇಂಥವರ ತಲೆಯೊಳಗೆ ಟ್ಯೂನಾ ಹೊಕ್ಕಿದ್ದಾದರೂ ಹೇಗೆ?

ಮೊಬೈಲಿನಿಂದ, ಇನ್ನು ಹೇಗೆ! ಮಾವನದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಯಾವುದೋ ದೇಶದವರು ದೋಣಿಯಲ್ಲಿ ಕೂತು ಟ್ಯೂನಾ ಹಿಡಿಯುವ ವಿಡಿಯೊ ನೋಡಿದರು. ಮೀನಿನ ಆಕಾರದ ಸೀಸದ ತುಂಡಿಗೆ ಕೊಕ್ಕೆ ಕಟ್ಟಿ ಆಳಕ್ಕೆ ಇಳಿಬಿಡುತ್ತಾರೆ. ಅದರ ಹೆಸರು ಜಿಗ್. ಕೆಲವು ಜಿಗ್‌ಗಳಿಗೆ ಬಳಿದ ಬಣ್ಣ ಬೆಳಕು ಕುಡಿದು, ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತದಂತೆ. ಹೊಳೆದರೆ ಟ್ಯೂನಾ ಬೇಗ ಬರುತ್ತದೆ ಎಂದ ಒಬ್ಬ. ಹೊಳಪಿನಿಂದ ಏನೂ ಆಗದು, ಕುಣಿಸುವ ಕೈ ಚೆನ್ನಾಗಿರಬೇಕು ಎಂದ ಇನ್ನೊಬ್ಬ. ತೀರ್ಮಾನವಾಗದೆ ವಿಡಿಯೊ ಮುಗಿಯಿತು. ಮಾವನ ನೆಮ್ಮದಿಯೂ ಅಲ್ಲಿಗೇ ಮುಗಿಯಿತು.

ಅಂದಿನಿಂದ ಬಲ್ಬು ಕೊಳ್ಳಲು ಬಂದವರಿಗೂ ಅದೇ ಪ್ರಶ್ನೆ.

"ನೀವ ಹೇಳ್ರಿ, ಆಳ ನೀರಾಗ ಬೆಳಕ ಇರಂಗಿಲ್ಲ. ಅಲ್ಲಿ ಹೊಳಿಯೋದು ಛಲೋನೋ, ಹೊಳೀಲಾರದ್ದು ಛಲೋನೋ?"

"ನನಗ ಒಂಬತ್ತು ವ್ಯಾಟಿಂದು ಕೊಡ್ರಿ, ಸಾಕು" ಎಂದ ಗಿರಾಕಿ.

ಕೊನೆಗೆ ಮುಂಬೈಗೆ ಹೋಗಿಬರುವ ಖಜೂರಿ ಊರಿನ ಲಾರಿ ಡ್ರೈವರ್ ಒಬ್ಬನಿಗೆ ಗಂಟುಬಿದ್ದು, ನಿಜವಾದ ಜಿಗ್ ಒಂದನ್ನು ತರಿಸಿಯೇಬಿಟ್ಟರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಮೀನ ಹಿಡಿಯೋ ಸಾಮಾನು ಈ ಮನಿ ಹೊಸ್ತಿಲಾ ದಾಟಂಗಿಲ್ಲ!"

"ಏ, ಇದು ಸೀಸದ್ದದ. ಸೀಸ ಶಾಕಾಹಾರಿನೇ!"

ಅತ್ತೆ ಕರಗಲಿಲ್ಲ. ಸೀಸದ ಮೀನು ಅಂಗಡಿಯಲ್ಲೇ, ಹೋಲ್ಡರು ಸ್ವಿಚ್ಚುಗಳ ನಡುವೆ ವಾಸ ಹೂಡಿತು.

ಇಲ್ಲಿ ಒಂದು ಮಾತು ಹೇಳಬೇಕು. ಸಂಜೆಯಾದರೆ ಮಾವನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಔಷಧಿಯಿಂದ ಹೆಚ್ಚೇನೂ ಆಗದು, ಕತ್ತಲಲ್ಲಿ ಜೋಪಾನವಾಗಿರಿ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಅದು ಅತ್ತೆಗೆ ಗೊತ್ತು, ನನಗೆ ಗೊತ್ತು. ಒಪ್ಪದವರು ಮಾವ ಒಬ್ಬರೇ. ಹೊಸ್ತಿಲು ಎಡವಿದರೆ, ಅದನ್ನು ಅಷ್ಟು ಎತ್ತರ ಕೂರಿಸಿದ ಗೌಂಡಿಯನ್ನು ಬೈಯುತ್ತಾರೆ. ಅತ್ತೆ ಕೈ ಹಿಡಿಯಲು ಹೋದರೆ, "ನಾ ಏನ್ ಕುರುಡ ಅದೀನೇನು?" ಎಂದು ಕೊಡವಿಕೊಳ್ಳುತ್ತಾರೆ. ಅತ್ತೆಗೆ ಇದೊಂದೇ ಚಿಂತೆ, ಇದೊಂದೇ ಜಗಳ.

ಇಂಥ ಮಾವ ಒಂದು ಸಂಜೆ ನನ್ನನ್ನು ಸೊನ್ನದ ಬ್ಯಾರೇಜಿಗೆ ಹೊರಡಿಸಿದರು. ಭೀಮಾ ನದಿಯಲ್ಲಿ ಟ್ಯೂನಾ ಎಲ್ಲಿಂದ ಬರಬೇಕು ಎಂದು ಕೇಳಿದೆ.

"ಟ್ಯೂನಾ ಇಲ್ದಿದ್ರ ಏನಾತೋ ಅಳಿಯಾ? ಮೀನಿನ ಬುದ್ಧಿ ಎಲ್ಲಾ ಕಡಿ ಒಂದ!"

ನೀರಿನ ಹತ್ತಿರ ಕೂತು, ಇಕ್ಕಳ ತೆಗೆದು, ಜಿಗ್ಗಿನ ಕೊಕ್ಕೆ ಕಿತ್ತು ಜೇಬಿಗಿಟ್ಟರು. ನಾನು ಬಾಯಿ ಬಿಟ್ಟು ನೋಡಿದೆ.

"ಬರ್ತದೋ ಇಲ್ಲೋ ನೋಡಬೇಕು, ಅಷ್ಟ. ನಾವ ಕರದು, ಬಂದವ್ರಿಗೆ ಕೊಕ್ಕಿ ಚುಚ್ಚೋದು ಯಾವ ಪದ್ಧತಿ?"

ಜಗತ್ತಿನಲ್ಲಿ ಮೀನುಗಳನ್ನು ಬೀಗರಂತೆ ಆಹ್ವಾನಿಸಿದವರು ಇವರೊಬ್ಬರೇ ಇರಬೇಕು! ಜಿಗ್ಗಿಗೆ ಬ್ಯಾಟರಿಯ ಬೆಳಕು ಕುಡಿಸಿ, ಸುತಳಿ ಕಟ್ಟಿ ಇಳಿಬಿಟ್ಟರು. ಹಸಿರಾಗಿ ಹೊಳೆಯಿತು. ಬೀಗರು ಯಾರೂ ಬರಲಿಲ್ಲ. ಅಷ್ಟರಲ್ಲಿ ಕತ್ತಲಾಯಿತು. ಹಿಂತಿರುಗುವಾಗ ಮಾವ ಮೆಟ್ಟಿಲು ತಪ್ಪಿದರು. ನಾನು ರಟ್ಟೆ ಹಿಡಿಯದಿದ್ದರೆ ನೇರ ನೀರಿಗೇ.

"ಕಲ್ಲು ಸರೀತು" ಎಂದರು. ಕಲ್ಲು ಇದ್ದಲ್ಲೇ ಇತ್ತು. ಸರಿದದ್ದು ಮಾವನ ಕಾಲಿನ ನರ.

ನಾವು ಮನೆ ಮುಟ್ಟುವ ಮೊದಲೇ, ಮಾವ ಸೊನ್ನದಲ್ಲಿ ಮೀನು ಹಿಡಿದರು ಎಂಬ ಸುದ್ದಿ ಊರು ಮುಟ್ಟಿತ್ತು! ಮರುದಿನ ಅತ್ತೆ ಚೀಲ ಹಿಡಿದು ಜೇವರ್ಗಿಗೆ, ತಂಗಿಯ ಮನೆಗೆ ಹೊರಟುಬಿಟ್ಟರು. ಕರೆದರೆ ಬರಲೊಲ್ಲರು, ಫೋನು ಎತ್ತಲೊಲ್ಲರು. ಮಾವ ಎರಡು ದಿನ ಬಜಿ ತಿಂದು ಬದುಕಿ, ನನ್ನನ್ನು ಸಾಕ್ಷಿಗೆ ಕರೆದುಕೊಂಡು ಜೇವರ್ಗಿ ಬಸ್ಸು ಹತ್ತಿದರು.

"ನೋಡು, ಕೊಕ್ಕಿನೇ ಇಲ್ಲ. ಅಳಿಯನ್ನ ಕೇಳು ಬೇಕಾದ್ರ" ಎಂದು ಜಿಗ್ಗನ್ನು ಅತ್ತೆಯ ಮುಂದಿಟ್ಟರು.

ಅತ್ತೆ ಜಿಗ್ಗನ್ನು ನೋಡಲಿಲ್ಲ. ಊದಿದ ಕಾಲನ್ನು ನೋಡಿದರು.

"ಮೀನಿನ ಸಲುವಾಗಿ ಸಿಟ್ಟಾಗಿ ಬಂದೇನಂತ ತಿಳದೀರೇನು? ಕತ್ತಲಾಗ ನೀರಿನ ಕಡಿ ಹೋದ್ರಲ್ಲ, ಏನರ ಆಗಿದ್ರ? ಕಣ್ಣು ಕಾಣಂಗಿಲ್ಲ ಅಂತ ಒಂದ ಸಲ ಒಪ್ಪಿಕೊಂಡ್ರ ನಿಮ್ಮ ಗಂಟು ಏನ್ ಹೋಗ್ತದ್ರಿ?"

ಊರಿಗೆಲ್ಲ ಉತ್ತರ ಕೊಡುವ ಮಾವ ಜಿಗ್ಗಿನ ಮೇಲೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ ಹೇಳಿದರು.

"ಖರೇ. ಕಾಣಂಗಿಲ್ಲ. ಆವತ್ತು ಸೊನ್ನದಾಗ ನನಗ ಕಂಡಿದ್ದು ಇದೊಂದೇ."

ಅತ್ತೆ ಜಿಗ್ಗನ್ನು ಎತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು.

ಮೊನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. ಕರೆಂಟು ಹೋಯಿತು. ಬಾಗಿಲ ಚೌಕಟ್ಟಿನ ಕೆಳಗೆ, ಅದೇ ಹೊಸ್ತಿಲ ಮಗ್ಗುಲಲ್ಲಿ, ಹಸಿರು ಮೀನೊಂದು ಹೊಳೆಯುತ್ತಿತ್ತು. ದಿನಾ ಮೆಣಸಿನಕಾಯಿಯ ಜೊತೆ ಅದನ್ನೂ ಬಿಸಿಲಿಗೆ ಹಾಕಿ, ಹೊತ್ತು ಮುಳುಗುವಾಗ ತಂದು ಮೊಳೆಗೆ ಕಟ್ಟುವವರು ಅತ್ತೆಯೇ ಅಂತೆ. ಅಂಗಡಿ ಮುಚ್ಚಿ ಬಂದ ಮಾವ ಆ ಹೊಳಪಿನ ಮೇಲೆ ಕಣ್ಣಿಟ್ಟು, ಅಂಗಳದಿಂದ ಮೆಲ್ಲಗೆ ನಡೆದು ಬಂದರು. ಹೊಸ್ತಿಲು ಎಡವಲಿಲ್ಲ. ಒಳಗೆ ಕಾದು ನಿಂತಿದ್ದ ಅತ್ತೆ ಅವರ ಕೈ ಹಿಡಿದುಕೊಂಡರು. ಮಾವ ಕೊಡವಿಕೊಳ್ಳಲಿಲ್ಲ.

"ಬಂತು ನೋಡಪಾ ಅಳಿಯಾ, ಟ್ಯೂನಾ!" ಎಂದರು ಅತ್ತೆ.