ನಾನು ಚಾಕಲೇಟು ಪಾಸು ಮಾಡಿದ್ದು

ಮನುಷ್ಯನಿಗೆ ಜಂಬ ಪಡಲು ಏನಾದರೂ ಒಂದು ಬೇಕು. ನನ್ನ ಹೊಲವೆಲ್ಲ ಅಣ್ಣನ ಪಾಲಿಗೆ ಹೋಗಿತ್ತು, ರೂಪವಂತೂ ಹುಟ್ಟುವಾಗಲೇ ಕೈಬಿಟ್ಟಿತ್ತು, ನಾಲ್ಕು ಜನರ ನಡುವೆ ಎದ್ದು ನಿಂತು ಮಾತಾಡೆಂದರೆ ತೊಡೆ ನಡುಗುತ್ತಿತ್ತು. ಆದರೆ ರುಚಿ ನೋಡುವುದರಲ್ಲಿ ಮಾತ್ರ ಗೋಕಾಕದ ಪೇಟೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇದು ನಾನು ಹೇಳುವ ಮಾತಲ್ಲ, ಶಿವಲಿಂಗಪ್ಪ ಕಾಕಾರು ಹೇಳುತ್ತಿದ್ದ ಮಾತು. ಪೇಟೆಯಲ್ಲಿ ಅವರದು ಕರದಂಟಿನ ಅಂಗಡಿ. ನಾನು ಅಲ್ಲಿ ಬೆಲ್ಲ ಪರೀಕ್ಷೆ ಮಾಡುವವನು. ನಾಗನೂರು, ಮಸಗುಪ್ಪಿಗಳಿಂದ ಚಕ್ಕಡಿಗಳಲ್ಲಿ ಬೆಲ್ಲ ಬಂದರೆ ನಾನು ಪೆಂಟೆಯ ಮೂಲೆಯಲ್ಲಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುವೆ. "ಹಳ್ಳದ ದಂಡಿ ಹೊಲದ್ದೈತಿ, ಉಪ್ಪ ಹೊಡಿತೈತಿ" ಎಂದೆನೆಂದರೆ ಆ ಚಕ್ಕಡಿ ತಿರುಗಿ ಹೋಗಬೇಕು. ಬೆಲ್ಲಕ್ಕೆ ಉಪ್ಪಿನ ಛಾಯೆ ಬಂದರೆ ಕರದಂಟು ಕೆಡುತ್ತದೆ. ಹಾಗಾಗಿ ಕಾಕಾರು ಕೂಡ ನನ್ನ ಮಾತಿಗೆ ಎದುರಾಡುತ್ತಿರಲಿಲ್ಲ. ನನಗೂ ತಲೆ ತಿರುಗಿತ್ತು ಅನ್ನಿ. ಬೀಗರ ಮನೆಗೆ ಊಟಕ್ಕೆ ಹೋದರೆ ಹೋಳಿಗೆಯ ಹೂರಣದಲ್ಲಿ ಏಲಕ್ಕಿ ಹಳೆಯದೆಂದು ಹೇಳಿ ಅವರ ಮನಸ್ಸು ಕೆಡಿಸಿ ಬರುತ್ತಿದ್ದೆ.

ಹೀಗಿರುವಾಗ ನನಗೆ ಜ್ವರ ಬಂತು. ಮೂರು ವಾರ ಮಲಗಿದೆ. ಜ್ವರ ಹೋಗುವಾಗ ನನ್ನ ರುಚಿಯನ್ನೂ ಕರೆದುಕೊಂಡು ಹೋಯಿತು. ಮೊದಲು ಗಂಜಿಯ ಮೇಲೆ ತಪ್ಪು ಹೊರಿಸಿದೆ, ಗಂಜಿಗೆ ಎಲ್ಲಿಯ ರುಚಿ ಎಂದು. ಆಮೇಲೆ ನಿಂಬೆಕಾಯಿಯ ಉಪ್ಪಿನಕಾಯಿ ನೆಕ್ಕಿದೆ. ಏನೂ ಇಲ್ಲ. ಹಸಿ ಮೆಣಸಿನಕಾಯಿ ಕಚ್ಚಿದರೆ ಉರಿಯಿತು, ಅಷ್ಟೇ. ಅಂಗಡಿಗೆ ಹೋದ ಮೊದಲ ದಿನ ಕರದಂಟಿನ ತುಂಡು ಬಾಯಿಗೆ ಹಾಕಿಕೊಂಡಾಗ ಒದ್ದೆ ಗೋಣಿಚೀಲ ಅಗಿದಂತಾಯಿತು. ಹಿತ್ತಲಿಗೆ ಹೋಗಿ ನಿಂತು ಅತ್ತೆ. ನಲವತ್ತು ದಾಟಿದವನು, ಬೇರೆ ಯಾವ ಕಸುಬೂ ಬಾರದವನು. ಮಿಠಾಯಿ ಅಂಗಡಿಯಲ್ಲಿ ಬರೀ ಬಾಯಿಯಿದ್ದು ರುಚಿ ಇಲ್ಲದವನನ್ನು ಯಾರು ಇಟ್ಟುಕೊಂಡಾರು? ಯಾರಿಗೂ ಹೇಳಬಾರದೆಂದು ಅಲ್ಲಿಯೇ ಗಟ್ಟಿ ಮಾಡಿಕೊಂಡೆ.

ಮುಚ್ಚಿಡುವುದು ನಾನಂದುಕೊಂಡಷ್ಟು ಕಷ್ಟವೇನೂ ಆಗಲಿಲ್ಲ. ಜಗತ್ತಿನಲ್ಲಿ ರುಚಿಯೆನ್ನುವುದು ಅರ್ಧಕ್ಕರ್ಧ ಬೇರೆಯವರ ಮುಖದ ಮೇಲೇ ಬರೆದಿರುತ್ತದೆ. ನಾನು ಬೆಲ್ಲ ಬಾಯಿಗಿಟ್ಟಾಗ ರೈತ ನನ್ನನ್ನೇ ನೋಡುತ್ತಿದ್ದರೆ ಬೆಲ್ಲ ಛಲೋ. ಎತ್ತಿನ ಹಗ್ಗ ಸರಿಮಾಡುವ ನೆವದಲ್ಲಿ ಅತ್ತ ತಿರುಗಿದರೆ ಬೆಲ್ಲ ಉಪ್ಪು. ನಾಲ್ಕು ತಿಂಗಳು ಒಂದೂ ತಪ್ಪಲಿಲ್ಲ. ಮನೆಯಲ್ಲಿ ಇನ್ನೂ ಸುಲಭದ ಉಪಾಯ ಹಿಡಿದಿದ್ದೆ. ಹೆಂಡತಿ ನೀಲವ್ವ ಏನು ಬಡಿಸಿದರೂ "ಭಾಳ ಛಲೋ ಆಗೇತಿ" ಎನ್ನುತ್ತಿದ್ದೆ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಾನು ಅವಳ ಅಡಿಗೆಯಲ್ಲಿ ತಪ್ಪು ಹುಡುಕದ ದಿನವಿರಲಿಲ್ಲ. ಈಗ ಹೊಗಳಿಕೆಯ ಸುರಿಮಳೆ. ಒಂದು ದಿನ ಝುಣಕವನ್ನು ಬಾಯಿತುಂಬ ಹೊಗಳಿದಾಗ ಅವಳು ಬಡಿಸುವುದನ್ನು ಬಿಟ್ಟು ನನ್ನನ್ನೇ ಬಹಳ ಹೊತ್ತು ನೋಡಿದಳು. ಪ್ರೀತಿ ಉಕ್ಕಿರಬೇಕೆಂದು ತಿಳಿದು ಇನ್ನೊಂದು ರೊಟ್ಟಿಯನ್ನೂ ಝುಣಕವನ್ನೂ ಹಾಕಿಸಿಕೊಂಡೆ.

ಆ ಬೇಸಿಗೆಯಲ್ಲೇ ಚಾಕಲೇಟು ಬಂದದ್ದು. ಮುಂಬಯಿಯ ಯಾವುದೋ ಕಂಪನಿಯ ಏಜೆಂಟನೊಬ್ಬ ಬೆಳಗಾವಿಯಿಂದ ಮೋಟಾರಿನಲ್ಲಿ ಬಂದಿಳಿದ. ತಲೆಗೆ ಹ್ಯಾಟು, ಕೈಯಲ್ಲಿ ತಗಡಿನ ಪೆಟ್ಟಿಗೆ. ಪೆಟ್ಟಿಗೆಯಿಂದ ಬಣ್ಣದ ಕಾಗದ ಸುತ್ತಿದ ಮೂರು ಪಟ್ಟಿ ತೆಗೆದು ಗಾದಿಯ ಮೇಲಿಟ್ಟ.

"ಏಕದಮ್ ಹೊಸಾ ಮಾಲ್ರಿ ಕಾಕಾ. ಈ ವರ್ಷನ ತಯಾರಾಗೇತಿ. ಇದು ಹಾಲಿಂದು, ಇದು ಬದಾಮಿಂದು, ಇದು ಅಸಲ್ ಕರೇದು. ತಿಂದು ನೋಡಿ ಒಂದು ಹೇಳ್ರಿ, ಅದನ್ನ ಪೆಟ್ಟಿಗಿಗಟ್ಟಲೆ ಕಳಸ್ತೇನಿ."

ಕಾಕಾರು ಕೈಮುಟ್ಟಲಿಲ್ಲ. "ತತ್ತಿ ಗಿತ್ತಿ ಹಾಕೀರೇನೋ ಮಾರಾಯಾ?" ಎಂದು ಕೇಳಿದರು. ಏಜೆಂಟ ತನ್ನ ಕೊರಳು ಮುಟ್ಟಿ ಆಣೆ ಮಾಡಿದ, ಮೊಟ್ಟೆ ಇಲ್ಲ, ಎಲ್ಲ ಗಿಡದ ಬೀಜ, ಹಾಲು ಮತ್ತು ಸಕ್ಕರೆ ಎಂದ. ಕಾಕಾರು ಮೂರನ್ನೂ ನೋಡಿ ಕರಿಯ ಪಟ್ಟಿಯನ್ನು ಆರಿಸಿದರು. ಕರದಂಟಿಗೆ ಕಪ್ಪಗಿನ ಬೆಲ್ಲವೇ ರುಚಿ ಎಂದು ಜನ್ಮವಿಡೀ ನಂಬಿದ ಮನುಷ್ಯ, ಅವರು ಇನ್ನೇನನ್ನು ಆರಿಸಿಯಾರು? ಆರಿಸಿದ ಮೇಲೆ ನನ್ನ ಕಡೆ ತಿರುಗಿ, "ನಮ್ಮ ಬಸಪ್ಪ ಹೇಳಲಿ. ಅಂವ ಹೂಂ ಅಂದ್ರ ಆತು" ಎಂದರು.

ಬೆಲ್ಲವಾದರೆ ರೈತನ ಮುಖವಿತ್ತು. ಈ ಪದಾರ್ಥವನ್ನು ನಮ್ಮೂರಲ್ಲಿ ಯಾರೂ ತಿಂದವರಿಲ್ಲ, ಏಜೆಂಟನ ಮುಖದಲ್ಲಿ ಹುಟ್ಟಿನಿಂದಲೂ ಅದೊಂದೇ ನಗೆ ಇದ್ದಂತಿತ್ತು. ನನಗಿಂತ ಮೊದಲು ಯಾರಾದರೂ ತಿನ್ನಬೇಕು. ಥಟ್ಟನೆ ಒಂದು ಭಕ್ತಿ ಹೊಳೆಯಿತು.

"ಹೊಸಾ ಪದಾರ್ಥ ಐತ್ರಿ ಕಾಕಾ. ಲಿಂಗಕ್ಕ ತೋರಿಸದ ಹ್ಯಾಂಗ ಬಾಯಾಗ ಇಡೂದು? ನೀವು ಹಿರ್ಯಾರು. ಮೊದಲ ನೀವು ಅರ್ಪಿಸ್ರಿ."

ಕಾಕಾರ ಮುಖ ಅರಳಿತು. ಕೈಕಾಲು ತೊಳೆದು ಬಂದು, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಇಡೀ ಪಟ್ಟಿಯನ್ನು ತೋರಿಸಿ ಅರ್ಪಿಸಿದರು. ನಾನು ಮಾಡಿದ ತಪ್ಪು ಇಲ್ಲಿಯೇ. ಕಾಕಾರ ಮನೆತನದಲ್ಲಿ ಅರ್ಪಿಸಿದ್ದು ಪ್ರಸಾದ. ಅದರಲ್ಲಿ ಒಂದು ಚೂರನ್ನೂ ಉಳಿಸುವಂತಿಲ್ಲ, ತಿನ್ನುವಾಗ ಮುಖ ಸಿಂಡರಿಸುವಂತಿಲ್ಲ, ಮುಗಿಯುವ ತನಕ ಅದರ ಬಗ್ಗೆ ಒಳ್ಳೆಯದು ಕೆಟ್ಟದ್ದು ಆಡುವಂತಿಲ್ಲ. ಅದು ನನಗೆ ಗೊತ್ತಿತ್ತು, ಆ ಗಳಿಗೆಯಲ್ಲಿ ಮರೆತುಹೋಗಿತ್ತು. ನನಗೆಂದು ಒಂದು ಚೂರು ಮುರಿದುಕೊಟ್ಟು, ಉಳಿದ ಪಟ್ಟಿಯನ್ನು ಕಾಕಾರು ಒಂದೊಂದೇ ತುಂಡಾಗಿ ಬಾಯಿಗಿಟ್ಟುಕೊಂಡರು. ಕಣ್ಣು ಮುಚ್ಚಿದ್ದರು. ಮುಖ ಕೆರೆಯ ನೀರಿನಷ್ಟು ಶಾಂತ. ಕೊನೆಯ ತುಂಡಿನ ಹೊತ್ತಿಗೆ ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿದು ಮೀಸೆಗೆ ಸೇರಿತು.

ಆನಂದಬಾಷ್ಪ! ನನಗೆ ಇನ್ನೇನು ಬೇಕಿತ್ತು? ನನ್ನ ಪಾಲಿನ ಚೂರನ್ನು ಬಾಯಿಗೆ ಹಾಕಿಕೊಂಡೆ. ಮೇಣದಬತ್ತಿ ತಿಂದಂತಿತ್ತು. ರೂಢಿಯಂತೆ ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, "ಕಾಕಾ, ಇಂಥಾದ್ದ ನಾ ತಿಂದಿಲ್ರಿ. ಅಮೃತ ಐತಿ" ಎಂದೆ. ಕಾಕಾರು ಕಣ್ಣು ತೆರೆದು ನನ್ನನ್ನು ವಿಚಿತ್ರವಾಗಿ ನೋಡಿದರು. ಒಂದು ಚರಿಗೆ ನೀರು ಗಟಗಟನೆ ಕುಡಿದು, "ನೀ ಅಂದಿ ಅಂದ ಮ್ಯಾಲ ಮುಗೀತು" ಎಂದು ಕರಿಯದನ್ನೇ ತರಿಸಲು ಹೇಳಿಬಿಟ್ಟರು.

ಮಾಲು ಬಂತು. ಮೊದಲು ಕೊಂಡವರು ಹತ್ತರಗಿಯ ಮದುವೆಯ ಮಂದಿ. ಎರಡನೆಯ ದಿನವೇ ಮದುಮಗಳ ಸೋದರಮಾವ ಹುಕ್ಕೇರಿಯ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬಂದು, ಪಂಕ್ತಿಯಲ್ಲಿ ಬೀಗರು ಉಗುಳಿದ ಕಥೆಯನ್ನು ಅಂಗಡಿಯ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ. ಮೂಡಲಗಿಯ ಗಿರಾಕಿಯೊಬ್ಬರು ಇದನ್ನು ಚಳಿಜ್ವರಕ್ಕೆ ದಿನಕ್ಕೆಷ್ಟು ಸಲ ತಿನ್ನಬೇಕೆಂದು ಕೇಳಿದರು. ಪೇಟೆಯಲ್ಲಿ ಹೋಗುವವರು ಬರುವವರೆಲ್ಲ, "ಏನ್ರಿ ಕಾಕಾ, ಕರದಂಟಿಗಿ ಡಾಂಬರ ಹಚ್ಚಾಕತ್ತೀರಂತ?" ಎನ್ನತೊಡಗಿದರು. ಕಾಕಾರ ಅಂಗಡಿಯನ್ನು ನೋಡಿ ಊರು ನಕ್ಕದ್ದು ಅದೇ ಮೊದಲು. ಮಧ್ಯಾಹ್ನ ಗಿರಾಕಿ ಇಲ್ಲದಾಗ ಅವರು ನನ್ನನ್ನು ಹತ್ತಿರ ಕೂರಿಸಿಕೊಂಡರು.

"ಬಸಪ್ಪಾ, ಆವತ್ತ ನನ್ನ ಬಾಯಿ ಬೇವಿನಂಗ ಕಹಿ ಆಗಿತ್ತು. ಪ್ರಸಾದ ಅಂತ ನುಂಗಿದ್ನಿ. ನೀ ಅಮೃತ ಅಂದಿ. ಮುದುಕ ಆಗೇನಿ, ನನ್ನ ನಾಲಿಗೀನ ಕೆಟ್ಟಿರಬೇಕು ಅಂತ ಸುಮ್ಮನಾದ್ನಿ. ಖರೆ ಹೇಳು, ನಿನಗೇನಾಗಿತ್ತು?"

ತನ್ನ ನಾಲಿಗೆಯನ್ನು ಬಿಟ್ಟು ನನ್ನದನ್ನು ನಂಬಿದ್ದ ಮನುಷ್ಯ. ಇನ್ನು ಸುಳ್ಳು ಬಾಯಿಂದ ಹೊರಡಲಿಲ್ಲ. ಎಲ್ಲವನ್ನೂ ಹೇಳಿದೆ. ಕಾಕಾರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೊದಲ ಹೇಳಬೇಕಿಲ್ಲೋ ತಮ್ಮಾ" ಎಂದಷ್ಟೇ ಅಂದರು. ಮರುದಿನದಿಂದ ಬೆಲ್ಲ ನೋಡಲು ಅವರ ಅಳಿಯ ಬಂದ. ನಾನು ಹಿಂದಿನ ಕೋಣೆಯಲ್ಲಿ ಕೂತು ಕರದಂಟಿನ ಪುಡಿಕೆ ಕಟ್ಟತೊಡಗಿದೆ. ಚಕ್ಕಡಿ ಬಂದ ಸಪ್ಪಳ ಕೇಳಿದರೆ ಈಗಲೂ ಎದ್ದು ನಿಲ್ಲುತ್ತೇನೆ, ಆಮೇಲೆ ನೆನಪಾಗಿ ಕೂರುತ್ತೇನೆ.

ಆವತ್ತು ಮನೆಗೆ ಬಂದು ನೀಲವ್ವನಿಗೂ ಹೇಳಿದೆ. ಅವಳು ಒಲೆಯ ಮುಂದಿನಿಂದ ತಿರುಗಲಿಲ್ಲ.

"ನನಗ ಗೊತ್ತೈತ್ರಿ. ಆವತ್ತ ಝುಣಕಕ್ಕ ಉಪ್ಪ ಹಾಕೂದ ಮರ್ತಿದ್ನಿ. ನೀವು ಎರಡು ಸಲ ಹಾಕಿಸ್ಕೊಂಡ್ರಿ."

"ಮತ್ತ ಯಾಕ ಹೇಳಲಿಲ್ಲ?"

"ಇಪ್ಪತ್ತ ವರ್ಷದ ಮ್ಯಾಲ ಛಲೋ ಅನ್ನಾಕತ್ತಿದ್ರಿ. ಇನ್ನೊಂದೀಟ ದಿನಾ ಕೇಳೂಣು ಅಂತ ಸುಮ್ಮನಿದ್ನಿ."

ನಾನು ಕೈತೊಳೆಯಲು ಎದ್ದುಹೋದೆ.

ಉಳಿದ ಚಾಕಲೇಟು ನನ್ನ ಮನೆಗೇ ಬಂತು. ಅದನ್ನು ತಿನ್ನಬಲ್ಲ ಮನುಷ್ಯ ಗೋಕಾಕದಲ್ಲಿ ನಾನೊಬ್ಬನೇ ಎಂದು ಕಾಕಾರೇ ಕಳಿಸಿದ್ದರು. ದಿನಾ ಮಧ್ಯಾಹ್ನದ ಊಟವಾದ ಮೇಲೆ ಒಂದು ಪಟ್ಟಿ ತೆಗೆದುಕೊಂಡು, ಈ ಸಲ ನೆವವಿಲ್ಲದೆ, ಲಿಂಗಕ್ಕೆ ತೋರಿಸಿ ತಿನ್ನುತ್ತಿದ್ದೆ. ಕಾಕಾರಂತೆ ನಾನೂ ನಿಯಮ ಹಿಡಿದಿದ್ದೆ. ನೀಲವ್ವ ದಿನಾ ಬಾಗಿಲಿಗೆ ಒರಗಿ ನಿಂತು, "ಹ್ಯಾಂಗ ಐತ್ರಿ?" ಎಂದು ಕೇಳುತ್ತಿದ್ದಳು. ನಾನು ರುಚಿಯಿಲ್ಲದ ಬಾಯಿಯಲ್ಲಿ ಅಗಿಯುತ್ತ ಛಲೋ ಐತೆಂದು ತಲೆಯಾಡಿಸುತ್ತಿದ್ದೆ. ಅವಳು ಒಳಗೆ ಹೋಗುತ್ತಿದ್ದಳು.

ಮಳೆಗಾಲ ಹಿಡಿದ ಮೇಲೆ ಒಂದು ದಿನ, ಎರಡನೆಯ ತುಂಡು ಕರಗುತ್ತಿದ್ದಾಗ, ಗಂಟಲಿನ ಹತ್ತಿರ ಏನೋ ಎದ್ದಿತು. ಎದ್ದದ್ದು ಇಡೀ ನಾಲಿಗೆಗೆ ಹರಡಿತು. ಕಹಿ. ಬೇವು, ಹಾಗಲ ಎರಡನ್ನೂ ಅರೆದು ಕುಡಿಸಿದಂಥ ಘೋರ ಕಹಿ! ಕಾಕಾರು ಅಂದು ನುಂಗಿದ್ದು ಇದನ್ನು, ಒಂದೂ ಮಾತಾಡದೆ, ನಾನು ಎದುರಿಗೆ ಕೂತು ಅವರ ಮುಖ ಓದುತ್ತಿದ್ದಾಗ. ನನ್ನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಉಗುಳುವಂತಿಲ್ಲ, ಮುಖ ಕಿವುಚುವಂತಿಲ್ಲ, ಬಾಯಿ ಬಿಡುವಂತಿಲ್ಲ.

"ಹ್ಯಾಂಗ ಐತ್ರಿ?" ಎಂದಳು ನನ್ನ ಬೆನ್ನ ಹಿಂದೆ ಬಾಗಿಲಲ್ಲಿ ನಿಂತ ನೀಲವ್ವ.

ಛಲೋ ಐತೆಂದು ತಲೆಯಾಡಿಸಿದೆ. ಪಾಪ, ಅವಳು ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ಕೂಗಿ ಕರೆಯೋಣವೆಂದರೆ ಅರ್ಪಿಸಿದ ಪಟ್ಟಿ ಇನ್ನೂ ಮುಕ್ಕಾಲು ಭಾಗ ಕೈಯಲ್ಲೇ ಇತ್ತು.