ಇಳಕಲ್ಲಿನ ಹಿಮಬಿಳಿ

“ನೀಲವ್ವಾ, ಇನ್‌ಮ್ಯಾಲ ನೀ ಬಣ್ಣದ ಹಂಡೇದಾಗ ಕೈ ಹಾಕೂದು ಬ್ಯಾಡ! ಬ್ಯಾಟರಿ ಸಂಜೀತನಾ ಬರ್ತೈತಿ!” ಎಂದು ನಮ್ಮ ಭಾವ ಗುರುಸಿದ್ದಪ್ಪನವರು ತಾವೇ ಕಟ್ಟಿದ ಬಣ್ಣ ಹಾಕುವ ಯಂತ್ರದ ಮೇಲಿನ ಟವೆಲ್ ಎಳೆದರು. ಹೀಗೆ ಅವರು ಹೊಸ ಯಂತ್ರವೊಂದರ ಟವೆಲ್ ಎಳೆದದ್ದು ಇದು ಹದಿನಾಲ್ಕನೇ ಸಲ. ನನಗೆ ಚಪ್ಪಾಳೆ ತಟ್ಟುವ ಶಕ್ತಿಯೂ ಉಳಿದಿರಲಿಲ್ಲ.

ನಾನು ಇಳಕಲ್ಲಿನಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುವವಳು. ಐಸ್‌ಲ್ಯಾಂಡಿನ ಹೆಂಗಸೊಬ್ಬಳು ಮೂರು ಬಣ್ಣದ ನೂಲಿನ ಲಡಿ ಕೇಳಿ ತನ್ನ ಭಾಷೆಯಲ್ಲೇ ಕಾಗದ ಬರೆದಿದ್ದಳು. ನನ್ನ ಹೆಸರಿಗೇ ಬಂದ ಮೊದಲ ಪರದೇಶದ ಕಾಗದ! ಇವತ್ತು ನಾಲ್ಕು ಗಂಟೆಯೊಳಗೆ ಲಡಿಗಳು ಅಂಚೆಗೆ ಬೀಳದಿದ್ದರೆ ಕೆಲಸ ಬೇರೆಯವರ ಪಾಲು.

“ಅವ್ರ ಭಾಷಾ ನಮ್ಮ ಗಿಳಿಹಸಿರು ಇದ್ದಂಗ,” ಎಂದರು ಪುಸ್ತಕ ನೋಡಿ ಆ ಭಾಷೆ ಕಲಿತು ಯಂತ್ರಕ್ಕೂ ಕಲಿಸಿದ್ದ ಭಾವ, ಕಾಗದವನ್ನು ಅದಕ್ಕೆ ತೋರಿಸುತ್ತ. “ಆಕಾಶಕ್ಕ ಹಿಮಿನ್, ನೀಲಿಗೆ ಬ್ಲೌರ್. ಕೂಡಿಸಿದ್ರ ಹಿಮಿನ್‌ಬ್ಲೌರ್! ಗಂಡಾದ್ರ ಬ್ಲೌರ್, ಹೆಣ್ಣಾದ್ರ ಬ್ಲೌ. ನೂಲು ಎರಡೂ ಅಲ್ಲ, ಅದಕ್ಕ ಬ್ಲೌಟ್. ಬಾಲ ಅಷ್ಟ ಬದಲಾಗ್ತೈತಿ, ತಲಿ ಅಲುಗಾಡಂಗಿಲ್ಲ!”

“ನಮ್ಮನಿ ಗಂಡಸರ ಹಂಗ,” ಎಂದೆ.

ನಮ್ಮ ಕೇರಿಯಲ್ಲಿ ಬರೀ ಬಣ್ಣದ ಹೆಸರು ಹೇಳಿದರೆ ಯಾರೂ ನೂಲು ಅದ್ದುವುದಿಲ್ಲ. ದಾಳಿಂಬೆ ಕೆಂಪು ಬೇಕಿದ್ದರೆ ದಾಳಿಂಬೆಯನ್ನೇ ತಂದು ತೋರಿಸಬೇಕು. ಭಾವ ಈ ಪದ್ಧತಿಯನ್ನೂ ಯಂತ್ರಕ್ಕೆ ಕಲಿಸಿದ್ದರು. ಅದರ ಗಾಜಿನ ಕಣ್ಣು ಕಿಟಕಿಯಾಚೆ ಆಕಾಶ ನೋಡಿತು, “ಹಿಮಿನ್‌ಬ್ಲೌಟ್!” ಎಂದು ಕೂಗಿ ಚೆಂದದ ನೀಲಿ ಲಡಿಯನ್ನು ಹೊರಹಾಕಿತು. ಒಂದು ಗಳಿಗೆ ನಾನೂ ನಂಬಿಬಿಟ್ಟೆ!

ಎರಡನೆಯದು ಸ್ನ್ಯೋಕ್ವೀಟ್, ಹಿಮಬಿಳಿ. ಕಣ್ಣು ಮನೆಯೆಲ್ಲ ಹುಡುಕಿತು. ಫ್ರಿಜ್ಜಿನ ಐಸ್ ತೋರಿಸಿದೆವು, ಒಪ್ಪಲಿಲ್ಲ. ಉಪ್ಪು ತೋರಿಸಿದೆವು, ಮುಖ ತಿರುಗಿಸಿತು.

“ಚಿಂತಿ ಬ್ಯಾಡ. ಸಿಗದಿದ್ರ ತಾನ ತಯಾರ್ ಮಾಡ್ಕೋತೈತಿ!”

“ಏನ್ ತಯಾರ್ ಮಾಡ್ತೈತಿ ಭಾವನೋರ?”

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಹಿಮ ಸುರಿಯಿತು! ಮೊಣಕಾಲುದ್ದ! ನನ್ನ ಬಣ್ಣದ ಹಂಡೆಗಳೆಲ್ಲ ಹೆಪ್ಪುಗಟ್ಟಿದವು. ನೆರೆಮನೆಯವರು ಶರಬತ್ತಿನ ಲೋಟ ಹಿಡಿದು ಸಾಲು ನಿಂತರು. ನನಗೆ ಅಳು ಬಂತು.

“ಬಂದ್ ಮಾಡ್ರೀ!”

“ಬಂದ್ ಮಾಡೂ ಗುಂಡಿ ಹಿಮದಾಗ ಹುಗದೈತಿ!”

“ಬಿಳಿ ನೂಲಿಗೆ ಬಣ್ಣ ಯಾಕ ಬೇಕಿತ್ರೀ? ಅದ್ದದ ಲಡಿನ ಕಳಸಿದ್ರ ಸಾಕಿತ್ತಲ್ಲ!”

ಭಾವ ಚಳಿಗೆ ಹಲ್ಲು ಕಟಕಟ ಕಡಿಯುತ್ತ, “ಮೊದಲ ಹೇಳೂದಲ್ಲೇನು?” ಎಂದರು.

ಅಷ್ಟರಲ್ಲಿ ಯಂತ್ರ, “ಸ್ನ್ಯೋಕ್ವೀಟ್!” ಎಂದು ಬಿಳಿ ಲಡಿಯನ್ನು ಬಿಳಿಯಾಗಿಯೇ ಹೊರಹಾಕಿ ಮೂರನೆಯ ಬಣ್ಣ ಓದಿತು. “ಬ್ಲೋಥ್‌ರೊಯ್ಟ್!”

“ಹಂಗಂದ್ರೇನ್ರೀ?”

“ರಕ್ತಗೆಂಪು,” ಎಂದರು ಭಾವ. ಗಾಜಿನ ಕಣ್ಣು ಮೆಲ್ಲಗೆ ಅವರತ್ತ ತಿರುಗಿತು.

ಭಾವ ಚಪ್ಪಲಿ ಬಿಟ್ಟು ಬೀದಿಗೆ ಓಡಿದರು. ಯಂತ್ರ ತನ್ನ ಗಾಲಿಗಳ ಮೇಲೆ ಹಿಂದೆಯೇ ಹೋಯಿತು. ಮನೆ ಶಾಂತವಾಯಿತು. ನಾನು ಕೆಂಪು ಹಂಡೆಯನ್ನು ಒಲೆಗೇರಿಸಿ ಕರಗಿಸಿದೆ, ಕೈಯಾರೆ ಲಡಿ ಅದ್ದಿದೆ, ನಾಲ್ಕಕ್ಕೆ ಐದು ನಿಮಿಷವಿರುವಾಗ ಮೂರನ್ನೂ ಅಂಚೆಗೆ ಹಾಕಿದೆ.

ವಾಪಸು ಬರುವಾಗ ಮುಂದೆ ಭಾವ, ಹಿಂದೆ ಯಂತ್ರ, ಇಬ್ಬರೂ ಎದುರಿಗೇ ಓಡಿ ಬಂದರು.

“ನೀಲವ್ವಾ, ಬ್ಯಾಟರಿ! ಬ್ಯಾಟರಿ ಕೀಳ!”

ಸಂಜೆತನಕ ಬರುತ್ತದೆ ಎಂದು ಅವರೇ ಹೇಳಿದ್ದರು. ನನಗೆ ಸಾಕಾಗಿತ್ತು. ಪಕ್ಕಕ್ಕೆ ಸರಿದು ಇಬ್ಬರಿಗೂ ದಾರಿ ಬಿಟ್ಟೆ.